ದೇಹದ ದಿಕ್ಕುಗಳು: ಅಂಗರಚನಾಶಾಸ್ತ್ರದ ಸ್ಥಾನಸೂಚಕ ಪದಗಳು

ಮನುಷ್ಯನ ದೇಹದಲ್ಲಿ ಒಂದು ಅಂಗ, ಗಾಯ, ಗಂಟು ಅಥವಾ ನೋವು ಎಲ್ಲಿದೆ, ಉಳಿದ ಭಾಗಗಳಿಂದ ಅದು ಯಾವ ಕಡೆಗಿದೆ ಎಂಬುದನ್ನು ಗೊಂದಲವಿಲ್ಲದೆ ಹೇಳಲು ಅಂಗರಚನಾಶಾಸ್ತ್ರ ಬಳಸುವ ನಿಶ್ಚಿತ ಪದಗಳಿಗೆ ಸ್ಥಾನಸೂಚಕ ಪದಗಳೆಂದು ಹೆಸರು. ತಲೆಯ ಕಡೆ-ಪಾದದ ಕಡೆ, ಮುಂಬದಿ-ಹಿಂಬದಿ, ಒಳಬದಿ-ಹೊರಬದಿ, ಬುಡ-ತುದಿ, ಮೇಲ್ಪದರ-ಆಳ ಎಂಬ ಜೋಡಿಗಳು ಇವುಗಳಲ್ಲಿ ಮುಖ್ಯವಾದವು. ಎಂ.ಬಿ.ಬಿ.ಎಸ್., ನರ್ಸಿಂಗ್, ಆಯುರ್ವೇದ ಯಾವುದೇ ಕೋರ್ಸಿಗೆ ಸೇರಿದ ವಿದ್ಯಾರ್ಥಿ ಎಲುಬುಗಳ ಹೆಸರು ಕಲಿಯುವ ಮೊದಲೇ ಇವನ್ನು ಕಲಿಯುತ್ತಾನೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ವರದಿ, ಮಗುವಿನ ಲಸಿಕೆ ಕಾರ್ಡು, ಗಾಯದ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲವೂ ಈ ಹತ್ತು ಹನ್ನೆರಡು ಪದಗಳನ್ನು ನೆಚ್ಚಿಕೊಂಡಿವೆ.

ಈ ಪದಗಳ ಹಿಂದಿರುವ ನಿಯಮ ಒಂದೇ. ದಿಕ್ಕನ್ನು ನಿರ್ಧರಿಸುವುದು ನೋಡುವವರ ಕಣ್ಣಲ್ಲ, ಆ ದೇಹವೇ. ಎಡ ಎಂದರೆ ರೋಗಿಯ ಎಡ. ಎದುರಿಗೆ ಕುಳಿತ ವೈದ್ಯರ ಎಡವಲ್ಲ. ವಿಜಯಪುರ ಜಿಲ್ಲೆಯ ಆಲಮಟ್ಟಿ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದಿಂದ ಹೊರಡುವ ಎಡದಂಡೆ ಕಾಲುವೆ, ಬಲದಂಡೆ ಕಾಲುವೆಗಳ ಹೆಸರು ಅಲ್ಲಿ ಎಲ್ಲರ ಬಾಯಲ್ಲಿವೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿದರೆ ಎಡಕ್ಕೆ ಬರುವುದು ಎಡದಂಡೆ, ಅಂದರೆ ವಿಜಯಪುರದ ಬದಿ. ಬಲಕ್ಕೆ ಬರುವುದು ಬಲದಂಡೆ, ಅಂದರೆ ಬಾಗಲಕೋಟೆಯ ಬದಿ. ಅಣೆಕಟ್ಟಿನ ಮೇಲೆ ನಿಂತು ಹಿನ್ನೀರಿನ ಕಡೆ ನೋಡುವವರಿಗೆ ಎಡದಂಡೆ ಬಲಗೈ ಬದಿಗೆ ಬರುತ್ತದೆ. ಹಾಗೆಂದು ಅದರ ಹೆಸರು ಬದಲಾಗುವುದಿಲ್ಲ. ದೇಹದ ಎಡ-ಬಲಗಳೂ ಹೀಗೆಯೇ ಆ ದೇಹಕ್ಕೆ ಅಂಟಿಕೊಂಡಿರುತ್ತವೆ. ರೋಗಿ ಎದುರು ಕುಳಿತಿರಲಿ, ಬೋರಲು ಮಲಗಿರಲಿ, ಪ್ರಜ್ಞೆ ತಪ್ಪಿ ಗಾಡಿಯ ಕೆಳಗೆ ತಿರುಚಿ ಬಿದ್ದಿರಲಿ, ಅವನ ಎಡ ಅವನದೇ.

ಆಧಾರ ನಿಲುವು

ದೇಹ ಸದಾ ಚಲಿಸುತ್ತದೆ. ಕೈ ಎತ್ತಿದಾಗ ಬೆರಳು ತಲೆಗಿಂತ ಮೇಲಿರುತ್ತದೆ, ಇಳಿಬಿಟ್ಟಾಗ ತೊಡೆಯ ಪಕ್ಕದಲ್ಲಿರುತ್ತದೆ. ಆದ್ದರಿಂದ ಎಲ್ಲರೂ ಒಪ್ಪಿದ ಒಂದು ಭಂಗಿಯನ್ನು ಮೊದಲು ಇಟ್ಟುಕೊಳ್ಳಬೇಕಾಯಿತು. ಇದನ್ನು ಅಂಗರಚನಾ ನಿಲುವು ಎನ್ನಬಹುದು. ವ್ಯಕ್ತಿ ನೆಟ್ಟಗೆ ನಿಂತಿದ್ದಾನೆ, ಮುಖ ಮತ್ತು ದೃಷ್ಟಿ ನೇರವಾಗಿ ಮುಂದಕ್ಕಿವೆ, ತೋಳುಗಳು ಮೈಯ ಪಕ್ಕದಲ್ಲಿ ಇಳಿಬಿದ್ದಿವೆ, ಅಂಗೈಗಳು ಮುಂದಕ್ಕೆ ತೆರೆದಿವೆ, ಪಾದಗಳು ಒಂದರ ಪಕ್ಕ ಒಂದಿದ್ದು ಬೆರಳುಗಳು ಮುಂದಕ್ಕೆ ಚಾಚಿವೆ. ರೋಗಿ ನಿಜವಾಗಿ ಯಾವ ಭಂಗಿಯಲ್ಲೇ ಇರಲಿ, ವರ್ಣನೆ ಬರೆಯುವವರು ಅವನು ಹೀಗೆ ನಿಂತಿದ್ದಾನೆ ಎಂದು ಭಾವಿಸಿಯೇ ಬರೆಯಬೇಕು.

ಈ ನಿಲುವಿನಲ್ಲಿ ಸಹಜವಲ್ಲವೆನಿಸುವುದು ಅಂಗೈಯ ಸ್ಥಿತಿ. ಸುಮ್ಮನೆ ನಿಂತವರ ಅಂಗೈ ತೊಡೆಯ ಕಡೆ ತಿರುಗಿರುತ್ತದೆ. ಆದರೂ ಅದನ್ನು ಮುಂದಕ್ಕೆ ತೆರೆಯಬೇಕೆಂದು ಗೊತ್ತುಮಾಡಿದ್ದಕ್ಕೆ ಗಟ್ಟಿಯಾದ ಕಾರಣವಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳಿವೆ: ಹೆಬ್ಬೆರಳಿನ ಬದಿಯ ರೇಡಿಯಸ್, ಕಿರುಬೆರಳಿನ ಬದಿಯ ಅಲ್ನಾ. ಅಂಗೈ ಮುಂದಕ್ಕಿದ್ದಾಗ ಇವೆರಡೂ ಅಕ್ಕಪಕ್ಕ ಸಮಾನಾಂತರವಾಗಿರುತ್ತವೆ. ಅಂಗೈಯನ್ನು ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾದು, ಹೆಬ್ಬೆರಳು ಮೈಯ ಕಡೆಗೆ ಬರುತ್ತದೆ. ಅಂಗೈ ಎತ್ತ ಎಂದು ನಿಗದಿ ಮಾಡದಿದ್ದರೆ ಮುಂಗೈಯ ಒಳಬದಿ ಯಾವುದು, ಹೊರಬದಿ ಯಾವುದು ಎಂಬುದು ಗಳಿಗೆಗೊಮ್ಮೆ ಬದಲಾಗುತ್ತಿತ್ತು. ನಿಲುವು ನಿಗದಿಯಾಗಿರುವುದರಿಂದ ಹೆಬ್ಬೆರಳು ಎಂದಿಗೂ ಹೊರಬದಿಯದು, ಕಿರುಬೆರಳು ಒಳಬದಿಯದು. ನಾಡಿ ನೋಡುವಾಗ ಬೆರಳಿಡುವುದು ಮಣಿಕಟ್ಟಿನ ಹೊರಬದಿಯಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ.

ಶವಚ್ಛೇದನದ ಕೋಣೆಯಲ್ಲಿ ದೇಹ ಅಂಗಾತ ಮಲಗಿರುತ್ತದೆ; ಎದೆ ಮಾಡಿನ ಕಡೆ, ಬೆನ್ನು ಮೇಜಿನ ಕಡೆ. ಹೊಸ ವಿದ್ಯಾರ್ಥಿಗೆ ಎದೆ 'ಮೇಲೆ' ಇದ್ದಂತೆ ಕಾಣುತ್ತದೆ. ಆದರೆ ಶಾಸ್ತ್ರದ ಪ್ರಕಾರ ಅದು ಮುಂದೆಯೇ ಇದೆ, ಮೇಲಿರುವುದು ನೆತ್ತಿ. ನಿಂತ ಮನುಷ್ಯನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಲಗಿದ ದೇಹವನ್ನು ಓದುವ ಈ ಅಭ್ಯಾಸ ಪುಸ್ತಕದಿಂದ ಬರುವುದಿಲ್ಲ, ದಾನವಾಗಿ ಬಂದ ದೇಹಗಳ ಮುಂದೆ ನಿಂತೇ ಬರಬೇಕು. ಉತ್ತರ ಕರ್ನಾಟಕದಲ್ಲಿ ದೇಹದಾನದ ಮಾತು ಬಂದಾಗ ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರನ್ನು ನೆನೆಯುತ್ತಾರೆ. ಅವರು ಬರೆದಿಟ್ಟ ಇಚ್ಛೆಯಂತೆ, ಅವರ ಮಗ, ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ, 2010ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ತಂದೆಯ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ಆಲಮಟ್ಟಿಯ ಎರಡೂ ದಂಡೆಯ ಮಕ್ಕಳು ಈ ವಿದ್ಯೆ ಕಲಿಯಲು ಈಗ ದೂರ ಹೋಗಬೇಕಿಲ್ಲ. ವಿಜಯಪುರದಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಬಾಗಲಕೋಟೆಯ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ.

ಜೋಡಿಪದಗಳು

ತಲೆಯತ್ತ ಇರುವುದು ಸುಪೀರಿಯರ್, ಪಾದದತ್ತ ಇರುವುದು ಇನ್ಫೀರಿಯರ್. ಹೃದಯ ಜಠರಕ್ಕೆ ಸುಪೀರಿಯರ್, ಜಠರ ಹೃದಯಕ್ಕೆ ಇನ್ಫೀರಿಯರ್. ಇವು ಹೋಲಿಕೆಯ ಪದಗಳು ಎಂಬುದನ್ನು ಮರೆಯಬಾರದು. ಮೂಗು ಗದ್ದಕ್ಕೆ ಮೇಲೆ, ಹಣೆಗೆ ಕೆಳಗೆ. 'ಮೂಗು ಸುಪೀರಿಯರ್' ಎಂದು ಒಂಟಿಯಾಗಿ ಹೇಳಿದರೆ ಅರ್ಥವೇ ಇಲ್ಲ. ಮುಂಬದಿಯದು ಆಂಟೀರಿಯರ್, ಹಿಂಬದಿಯದು ಪೋಸ್ಟೀರಿಯರ್. ಎದೆಯ ನಡುವಿನ ಎಲುಬು ಹೃದಯಕ್ಕೆ ಮುಂದೆ, ಅನ್ನನಾಳ ಶ್ವಾಸನಾಳಕ್ಕೆ ಹಿಂದೆ.

ನೆತ್ತಿಯಿಂದ ಮೂಗು, ಹೊಕ್ಕುಳಗಳ ಮೂಲಕ ಎರಡು ಪಾದಗಳ ನಡುವೆ ಇಳಿಯುವ ಕಾಲ್ಪನಿಕ ಗೆರೆಯೇ ನಡುಗೆರೆ. ಅದಕ್ಕೆ ಹತ್ತಿರವಾದದ್ದು ಮೀಡಿಯಲ್, ಅದರಿಂದ ದೂರವಾದದ್ದು ಲ್ಯಾಟರಲ್. ಕಣ್ಣು ಕಿವಿಗಿಂತ ನಡುಗೆರೆಯತ್ತ, ಮೂಗಿಗಿಂತ ಹೊರಕ್ಕೆ. ಮೊಣಕೈಯ ಒಳಬದಿಯ ಎಲುಬಿನ ಉಬ್ಬಿನ ಹಿಂದೆ ಅಲ್ನಾರ್ ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತದೆ. ಅಲ್ಲಿ ಬಾಗಿಲ ಚೌಕಟ್ಟು ತಗುಲಿದರೆ ಕಿರುಬೆರಳಿನವರೆಗೆ ಝುಂ ಎನ್ನುತ್ತದೆ. ಇಷ್ಟನ್ನು ಹೇಳುವುದಕ್ಕೂ ಮೀಡಿಯಲ್, ಪೋಸ್ಟೀರಿಯರ್, ಸೂಪರ್‌ಫಿಶಿಯಲ್ (ಚರ್ಮಕ್ಕೆ ಹತ್ತಿರ) ಎಂಬ ಮೂರು ಪದಗಳು ಬೇಕಾದವು.

ಕೈಕಾಲುಗಳಿಗೆ ಇನ್ನೊಂದು ಜೋಡಿ ಇದೆ. ಕೈ ಅಥವಾ ಕಾಲು ಮುಂಡಕ್ಕೆ ಸೇರುವ ಬುಡಕ್ಕೆ ಹತ್ತಿರವಾದದ್ದು ಪ್ರಾಕ್ಸಿಮಲ್, ತುದಿಗೆ ಹತ್ತಿರವಾದದ್ದು ಡಿಸ್ಟಲ್. ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಉಗುರು ಬೆರಳ ಗೆಣ್ಣಿಗಿಂತ ಡಿಸ್ಟಲ್. ಕೈಕಾಲು ಮಡಿಸಿದರೂ ಎತ್ತಿದರೂ ಈ ಜೋಡಿ ಕೆಡುವುದಿಲ್ಲವಾದ್ದರಿಂದ ಮೂಳೆ ವೈದ್ಯರು ಮೇಲೆ-ಕೆಳಗೆ ಎನ್ನುವುದಕ್ಕಿಂತ ಇದನ್ನೇ ಹೆಚ್ಚು ನೆಚ್ಚುತ್ತಾರೆ. ಚರ್ಮಕ್ಕೆ ಹತ್ತಿರವಾದದ್ದು ಸೂಪರ್‌ಫಿಶಿಯಲ್, ಒಳಗಿನದು ಡೀಪ್. ಒಂದೇ ಬದಿಯ ಎರಡು ಭಾಗಗಳನ್ನು ಇಪ್ಸಿಲ್ಯಾಟರಲ್ ಎಂದೂ ಎದುರು ಬದಿಯವನ್ನು ಕಾಂಟ್ರಾಲ್ಯಾಟರಲ್ ಎಂದೂ ಕರೆಯುತ್ತಾರೆ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಬಲಗೈ ಬಲಗಾಲು ಸೋಲುವುದರಿಂದ ಪಾರ್ಶ್ವವಾಯುವಿನ ವರದಿಗಳಲ್ಲಿ ಈ ಎರಡನೆಯ ಪದ ಮತ್ತೆ ಮತ್ತೆ ಬರುತ್ತದೆ. ಹಲ್ಲಿನ ವೈದ್ಯರಿಗೆ ಇವು ಸಾಲದೆ, ತುಟಿ-ಕೆನ್ನೆಯ ಕಡೆ, ನಾಲಿಗೆಯ ಕಡೆ ಎಂಬ ಬೇರೆ ಪದಗಳನ್ನು ಸೇರಿಸಿಕೊಂಡಿದ್ದಾರೆ.

ಅಂಗೈಯ ಮೈಗೆ ಪಾಮರ್, ಅಂಗಾಲಿಗೆ ಪ್ಲಾಂಟರ್, ಇವುಗಳ ಎದುರು ಮೈಗೆ ಡಾರ್ಸಲ್ ಎಂದು ಹೆಸರು. ಡಾರ್ಸಲ್ ಎಂದರೆ ಬೆನ್ನಿನ ಕಡೆಯದು. ಹಸ್ತದ ಹಿಂಬದಿಯನ್ನು ಹೀಗೆ ಕರೆದರೆ ಒಪ್ಪಬಹುದು, ಆದರೆ ಪಾದದ ಮೇಲ್ಮೈ, ಚಪ್ಪಲಿಯ ಪಟ್ಟಿ ಕೂರುವ ಜಾಗ, ಹೇಗೆ ಬೆನ್ನಿನ ಕಡೆಯದಾಯಿತು? ಉತ್ತರ ಗರ್ಭದಲ್ಲಿದೆ. ಭ್ರೂಣದ ಕೈಕಾಲುಗಳು ಮೊದಲು ಮೊಗ್ಗಿನಂತೆ ಪಕ್ಕಕ್ಕೆ ಚಾಚಿರುತ್ತವೆ. ಹೆಬ್ಬೆರಳುಗಳು ನಾಲ್ಕೂ ತಲೆಯ ಕಡೆ, ಅಂಗೈ ಅಂಗಾಲುಗಳು ಹೊಟ್ಟೆಯ ಕಡೆ. ಆರರಿಂದ ಎಂಟನೆಯ ವಾರದ ನಡುವೆ ಕೈ ಹೊರಕ್ಕೂ ಕಾಲು ಒಳಕ್ಕೂ ತಿರುಗುತ್ತವೆ. ಆದ್ದರಿಂದ ಮೊಣಕೈ ಹಿಂದಕ್ಕೆ ಬಂತು, ಮೊಣಕಾಲ ಚಿಪ್ಪು ಮುಂದಕ್ಕೆ ಬಂತು. ಕೈಯ ಹೆಬ್ಬೆರಳು ಹೊರಬದಿಗೆ ಹೋಯಿತು, ಕಾಲಿನ ಹೆಬ್ಬೆರಳು ಒಳಬದಿಗೆ ಹೋಯಿತು. ಪಾದದ ಬೆನ್ನು ಎಂಬ ಹೆಸರು ಆ ತಿರುಗುವಿಕೆಗೆ ಮುಂಚಿನ ಸ್ಥಿತಿಯನ್ನು ಉಳಿಸಿಕೊಂಡಿದೆ. ಪಾಠಪುಸ್ತಕದಲ್ಲಿ ಬಾಯಿಪಾಠದ ಹೊರೆಯಂತೆ ಕಾಣುವ ಈ ಪದಗಳಲ್ಲಿ ಮನುಷ್ಯ ರೂಪುಗೊಂಡ ಕಥೆ ಅಡಗಿರುವುದು ಇಂಥಲ್ಲೇ.

ಹೆಸರಿಗೂ ಇರುವ ಸ್ಥಾನಕ್ಕೂ ಹೊಂದಾಣಿಕೆ ತಪ್ಪಿದ ಪ್ರಸಿದ್ಧ ಉದಾಹರಣೆ ಹೃದಯ. ಬಲ ಹೃತ್ಕುಕ್ಷಿ, ಎಡ ಹೃತ್ಕುಕ್ಷಿ ಎಂಬ ಹೆಸರು ಕೇಳಿದರೆ ಅವು ಅಕ್ಕಪಕ್ಕ ಇರುವಂತೆ ತೋರುತ್ತದೆ. ನಿಜದಲ್ಲಿ ಹೃದಯ ಓರೆಯಾಗಿ ತಿರುಗಿ ಕುಳಿತಿರುವುದರಿಂದ ಬಲದ್ದು ಬಹುಮಟ್ಟಿಗೆ ಮುಂದಿದೆ, ಎಡದ್ದು ಹಿಂದಕ್ಕೂ ಎಡಕ್ಕೂ ಇದೆ. ಎದೆಯ ಮುಂಭಾಗಕ್ಕೆ ಚೂರಿ ಇರಿತವಾದಾಗ ಬಲ ಹೃತ್ಕುಕ್ಷಿಗೇ ಹೆಚ್ಚಾಗಿ ಗಾಯವಾಗುವುದಕ್ಕೆ ಇದೇ ಕಾರಣ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಬದಿ ಬದಲಿಸಿರುತ್ತವೆ. ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ. ಅವರಲ್ಲಿ ಬಹಳ ಜನ ಇದು ಗೊತ್ತೇ ಇಲ್ಲದೆ ಆರೋಗ್ಯವಾಗಿ ಬದುಕುತ್ತಾರೆ, ಯಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ.

ದನ, ಆಡು, ನಾಯಿಗಳ ದೇಹಕ್ಕೆ ಈ ಪದಗಳನ್ನು ಹಾಗೆಯೇ ಒಯ್ಯಲಾಗದು. ನಾಲ್ಕು ಕಾಲಿನ ಪ್ರಾಣಿಯ ಹೊಟ್ಟೆ ನೆಲದ ಕಡೆಗಿದೆ, ತಲೆ ಮುಂದಿದೆ. ಪಶುವೈದ್ಯರು ತಲೆಯತ್ತ ಕ್ರೇನಿಯಲ್, ಬಾಲದತ್ತ ಕಾಡಲ್, ಹೊಟ್ಟೆಯತ್ತ ವೆಂಟ್ರಲ್, ಬೆನ್ನಿನತ್ತ ಡಾರ್ಸಲ್ ಎನ್ನುತ್ತಾರೆ.

ಸಮತಲಗಳು

ದೇಹವನ್ನು ಕಲ್ಪನೆಯಲ್ಲಿ ಸೀಳುವ ಮೂರು ಸಮತಲಗಳಿವೆ. ಎಡ-ಬಲಗಳಾಗಿ ಸೀಳುವುದು ಸ್ಯಾಜಿಟಲ್, ಮುಂದು-ಹಿಂದಾಗಿ ಸೀಳುವುದು ಕರೋನಲ್, ಮೇಲೆ-ಕೆಳಗಾಗಿ ಅಡ್ಡ ಕತ್ತರಿಸುವುದು ಟ್ರಾನ್ಸ್‌ವರ್ಸ್. ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳು ಬಂದ ಮೇಲೆ ಇವು ಬರೀ ಕಲ್ಪನೆಯಾಗಿ ಉಳಿದಿಲ್ಲ. ಸಿ.ಟಿ.ಯ ಅಡ್ಡಪದರದ ಚಿತ್ರವನ್ನು ಮಲಗಿದ ರೋಗಿಯ ಪಾದದ ಕಡೆಯಿಂದ ನೋಡುತ್ತಿರುವಂತೆ ಮುದ್ರಿಸುತ್ತಾರೆ. ಹಾಗಾಗಿ ಯಕೃತ್ತು ಚಿತ್ರದ ಎಡಗಡೆ ಕಾಣುತ್ತದೆ. ಅದು ರೋಗಿಯ ಬಲ.

ಎಕ್ಸ್‌ರೇ ಲಕೋಟೆಯ ಮೇಲೆ 'ಚೆಸ್ಟ್ ಪಿ.ಎ. ವ್ಯೂ' ಎಂದು ಬರೆದಿರುವುದನ್ನು ಬಹಳ ಜನ ನೋಡಿರುತ್ತಾರೆ. ಕಿರಣ ಹಿಂಬದಿಯಿಂದ ಹೊಕ್ಕು ಮುಂಬದಿಯಿಂದ ಹೊರಬಂದಿದೆ ಎಂದು ಅದರರ್ಥ. ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಿಸುವುದರಿಂದ ಹೃದಯ ಫಲಕಕ್ಕೆ ಹತ್ತಿರವಿದ್ದು ಅದರ ನೆರಳು ನಿಜವಾದ ಗಾತ್ರಕ್ಕೆ ಹತ್ತಿರವಾಗಿ ಬೀಳುತ್ತದೆ. ಏಳಲಾಗದ ರೋಗಿಗೆ ಹಾಸಿಗೆಯಲ್ಲೇ ಮುಂದಿನಿಂದ ತೆಗೆದ ಎ.ಪಿ. ಚಿತ್ರದಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡು ಅಕ್ಷರ ಅದಲುಬದಲಾದರೆ ಇಲ್ಲದ ಹೃದಯರೋಗವನ್ನು ಶಂಕಿಸಬೇಕಾದೀತು.

ಗರ್ಭಿಣಿಯರ ಸ್ಕ್ಯಾನಿಂಗ್ ವರದಿಯಲ್ಲಿ ಬರುವ 'ಪ್ಲಾಸೆಂಟಾ ಆಂಟೀರಿಯರ್' ಎಂಬ ಮಾತಿನ ಬಗ್ಗೆ ಇಲ್ಲಿ ಒಂದು ಸ್ಪಷ್ಟನೆ ಬೇಕು. ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿದೆ ಎಂದಷ್ಟೇ ಅದರ ಅರ್ಥ; ಪೋಸ್ಟೀರಿಯರ್ ಎಂದರೆ ಹಿಂದಿನ ಗೋಡೆಗೆ. ಎರಡೂ ಸಹಜವೇ. ಇದರಿಂದ ಗಂಡೋ ಹೆಣ್ಣೋ ತಿಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಅದನ್ನು ನೆಚ್ಚಿ ಬಸುರಿಯನ್ನು ನೋಯಿಸುವುದು ಅನ್ಯಾಯ. ವರದಿಯಲ್ಲಿ ನಿಜವಾಗಿ ಗಮನಿಸಬೇಕಾದದ್ದು ಮಾಸು ಗರ್ಭಕೋಶದ ಬಾಯಿಗೆ ಹತ್ತಿರ ಕೆಳಕ್ಕಿದೆಯೇ ಎಂಬುದು. ಹಾಗಿದ್ದರೆ ಹೆರಿಗೆಯಲ್ಲಿ ರಕ್ತಸ್ರಾವದ ಅಪಾಯವಿರುತ್ತದೆ, ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಆಗಬೇಕು.

ಹೊಟ್ಟೆಯ ನಕ್ಷೆ

ಎದೆಗೂಡಿನಲ್ಲಿ ಪಕ್ಕೆಲುಬುಗಳನ್ನು ಎಣಿಸಿ ಜಾಗ ಹೇಳಬಹುದು. ಹೃದಯದ ಬಡಿತ ಐದನೆಯ ಪಕ್ಕೆಲುಬಿನ ಸಂದಿನಲ್ಲಿ, ಎಡ ಕೊರಳೆಲುಬಿನ ನಡುವಿನಿಂದ ಇಳಿವ ಗೆರೆಯ ಹತ್ತಿರ ಕೈಗೆ ತಗಲುತ್ತದೆ. ಹೊಟ್ಟೆಯಲ್ಲಿ ಎಣಿಸಲು ಎಲುಬಿಲ್ಲ. ಆದ್ದರಿಂದ ಅದರ ಮೇಲೆ ಗೆರೆ ಎಳೆದು ಹಂಚಿಕೊಂಡಿದ್ದಾರೆ. ಹೊಕ್ಕುಳಿನ ಮೂಲಕ ಒಂದು ಅಡ್ಡ, ಒಂದು ಉದ್ದ ಗೆರೆ ಎಳೆದರೆ ನಾಲ್ಕು ಪಾಲು. ಎರಡು ಅಡ್ಡ, ಎರಡು ಉದ್ದ ಗೆರೆಗಳಾದರೆ ಒಂಬತ್ತು: ಮೇಲಿನ ಸಾಲಿನ ನಡುವೆ ಜಠರದ ಭಾಗ, ಅದರ ಎರಡು ಬದಿಗೆ ಪಕ್ಕೆಲುಬಿನಡಿಯ ಭಾಗಗಳು, ನಡುಸಾಲಿನಲ್ಲಿ ಹೊಕ್ಕುಳು, ಎರಡು ಬದಿಗೆ ಟೊಂಕದ ಭಾಗಗಳು, ಕೆಳಸಾಲಿನಲ್ಲಿ ಕಿಬ್ಬೊಟ್ಟೆ ಮತ್ತು ಅದರ ಎರಡು ಮಗ್ಗಲು.

ಅಪೆಂಡಿಕ್ಸ್ ಬಾವಿನಲ್ಲಿ ಈ ನಕ್ಷೆಯ ಬೆಲೆ ತಿಳಿಯುತ್ತದೆ. ನೋವು ಮೊದಲು ಹೊಕ್ಕುಳ ಸುತ್ತ ಮಂದವಾಗಿ ಶುರುವಾಗಿ, ಕೆಲವು ಗಂಟೆಗಳಲ್ಲಿ ಕೆಳಸಾಲಿನ ಬಲ ಮಗ್ಗಲಿಗೆ ಸರಿದು ತೀಕ್ಷ್ಣವಾಗುತ್ತದೆ. ಟೊಂಕದ ಎಲುಬಿನ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದು, ಎಲುಬಿನಿಂದ ಮೂರನೆಯ ಒಂದು ಪಾಲು ದೂರದಲ್ಲಿ ಒತ್ತಿದರೆ ನೋವು ಅತ್ಯಧಿಕ. ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ ಈ ಬಿಂದುವಿಗೆ ಅವರದೇ ಹೆಸರಿದೆ. 'ಹೊಟ್ಟಿ ನೋಯತೈತ್ರಿ' ಎಂದಷ್ಟೇ ಹೇಳುವ ರೋಗಿಗಿಂತ 'ನಿನ್ನಿ ರಾತ್ರಿ ಹೊಕ್ಕಳ ಸುತ್ತ ಇತ್ರಿ, ಈಗ ಬಲಮಗ್ಗಲಕ್ಕ ಕೆಳಗ ಬಂದೈತ್ರಿ' ಎಂದು ಹೇಳುವ ರೋಗಿ ಅರ್ಧ ರೋಗನಿದಾನವನ್ನು ತಾನೇ ಮಾಡಿಕೊಟ್ಟಂತೆ.

ಇತಿಹಾಸ

ಭಾರತದಲ್ಲಿ ದೇಹದ ಸ್ಥಾನಗಳನ್ನು ಕ್ರಮವಾಗಿ ಹೇಳುವ ಪ್ರಯತ್ನ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿದೆ. ಶವವನ್ನು ಪಂಜರದಲ್ಲಿಟ್ಟು ಹರಿವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಮೆತ್ತಗಾದ ಪದರಗಳನ್ನು ಕುಂಚದಿಂದ ಉಜ್ಜಿ ತೆಗೆಯುತ್ತ ನೋಡಬೇಕೆಂದು ಅದು ಹೇಳುತ್ತದೆ. ಹೊಕ್ಕುಳಿನಿಂದ ಹೊರಡುವ 24 ಧಮನಿಗಳಲ್ಲಿ ಹತ್ತು ಊರ್ಧ್ವಕ್ಕೆ, ಹತ್ತು ಅಧೋಮುಖವಾಗಿ, ನಾಲ್ಕು ತಿರ್ಯಕ್ಕಾಗಿ, ಅಂದರೆ ಅಡ್ಡಡ್ಡಲಾಗಿ ಹೋಗುತ್ತವೆ ಎಂಬ ವಿಂಗಡಣೆ ಅಲ್ಲಿದೆ. ಇಂದಿನ ಜ್ಞಾನದ ಪ್ರಕಾರ ಧಮನಿಗಳು ಹೊಕ್ಕುಳಿನಿಂದ ಹೊರಡುವುದಿಲ್ಲ. ಆದರೆ ದಿಕ್ಕಿನಿಂದ ವರ್ಗೀಕರಿಸುವ ವಿಧಾನ ಗಟ್ಟಿಯಾದದ್ದು. 107 ಮರ್ಮಗಳ ವರ್ಣನೆ ಇನ್ನೂ ಖಚಿತ. ಕ್ಷಿಪ್ರ ಮರ್ಮ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ. ಆಣಿ ಮರ್ಮ ಮೊಣಕಾಲಿನಿಂದ ಮೇಲಕ್ಕೆ ಎರಡೂ ಬದಿಯಲ್ಲಿ ಮೂರು ಅಂಗುಲ ದೂರ. ಆ ಅಂಗುಲವೂ ರೋಗಿಯ ಸ್ವಂತ ಬೆರಳಿನ ಅಗಲ. ಎತ್ತರದವನಿಗೂ ಗಿಡ್ಡನಿಗೂ ಜಾಗ ತಪ್ಪಬಾರದೆಂದು ಅಳತೆಗೋಲನ್ನೂ ಆ ದೇಹದಲ್ಲೇ ಇಟ್ಟದ್ದು ದೊಡ್ಡ ವಿವೇಕ.

ಯೂರೋಪಿನಲ್ಲಿ 1543ರಲ್ಲಿ ವೆಸಾಲಿಯಸ್‌ನ ಗ್ರಂಥ ಬಂದ ಮೇಲೆ ಅಂಗರಚನಾಶಾಸ್ತ್ರ ಬೆಳೆಯುತ್ತ ಹೋಯಿತು, ಹೆಸರುಗಳೂ ಲೆಕ್ಕವಿಲ್ಲದಂತೆ ಬೆಳೆದವು. ಒಂದೇ ಅಂಗಕ್ಕೆ ದೇಶಕ್ಕೊಂದು, ಗುರುವಿಗೊಂದು ಹೆಸರು. 19ನೆಯ ಶತಮಾನದ ಕೊನೆಗೆ ಬಳಕೆಯಲ್ಲಿದ್ದ ಸುಮಾರು 50,000 ಹೆಸರುಗಳನ್ನು 1895ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸೇರಿದ ಅಂಗರಚನಾಶಾಸ್ತ್ರಜ್ಞರು ಸುಮಾರು 5,000ಕ್ಕೆ ಇಳಿಸಿದರು. 1955ರ ಪ್ಯಾರಿಸ್ ಪಟ್ಟಿ, 1998ರ ಟರ್ಮಿನಾಲಜಿಯಾ ಅನಾಟಮಿಕಾ ಅದರ ಮುಂದಿನ ಹೆಜ್ಜೆಗಳು. ಇಂದು ವಿಜಯಪುರದ ವಿದ್ಯಾರ್ಥಿ ಬರೆದ ಟಿಪ್ಪಣಿಯನ್ನು ಟೋಕಿಯೊದ ವೈದ್ಯ ಓದಿ ತಿಳಿಯಬಲ್ಲನೆಂದರೆ ಅದು ಈ ಒಪ್ಪಂದದ ಫಲ.

1858ರಲ್ಲಿ ಲಂಡನ್ನಿನಲ್ಲಿ ಬಂದ ಹೆನ್ರಿ ಗ್ರೇ ಅವರ ಪುಸ್ತಕವನ್ನು ಇಂದಿಗೂ 'ಗ್ರೇಸ್ ಅನಾಟಮಿ' ಎನ್ನುತ್ತಾರೆ. ಅದರ ಚಿತ್ರಗಳನ್ನೆಲ್ಲ ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ ವರ್ಷ ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು, ಮುಂದೆ ಸಾತಾರದಲ್ಲಿ ಸಿವಿಲ್ ಸರ್ಜನ್ ಆಗಿದ್ದರು. ಸಾತಾರ ಜಿಲ್ಲೆಯಲ್ಲೇ ಹುಟ್ಟುವ ಕೃಷ್ಣೆ ಹರಿದು ಬರುವುದು ಆಲಮಟ್ಟಿಗೆ. ಆಗ ಎರಡೂ ಸೀಮೆಗಳು ಒಂದೇ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. ಅಂಗಗಳ ಹೆಸರನ್ನು ಪಕ್ಕದಲ್ಲಿ ಬರೆಯದೆ ಚಿತ್ರದ ಆ ಅಂಗದ ಮೇಲೆಯೇ ಬರೆಯುವುದು ಕಾರ್ಟರ್ ಚಿತ್ರಗಳ ವಿಶೇಷ. ಗ್ರೇ ಅವರ ಹೆಸರಿನಷ್ಟು ಅವರ ಹೆಸರು ಪ್ರಸಿದ್ಧವಾಗದೆ ಹೋದದ್ದು ನ್ಯಾಯವಲ್ಲ.

ಕನ್ನಡದಲ್ಲಿ

ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿದ್ದರೂ ನೋವು ಹೇಳುವುದು ಕನ್ನಡದಲ್ಲೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಮಾತಿನಲ್ಲಿ ದೇಹಕ್ಕೆ ತನ್ನದೇ ನಕ್ಷೆ ಇದೆ. ಬೆನ್ನು ಡುಬ್ಬ, ಸೊಂಟ ಟೊಂಕ, ಕತ್ತು ಗೋಣು, ತೋಳಿನ ಮೇಲ್ಭಾಗ ರಟ್ಟೆ, ಕಾಲಿನ ಹಿಂಬದಿಯ ದಪ್ಪ ಸ್ನಾಯು ಮೀನಖಂಡ, ಹಿಮ್ಮಡಿ ಹಿಮ್ಮಡ. ಮೈಸೂರು ಕಡೆಯಿಂದ ಬಂದ ಕಿರಿಯ ವೈದ್ಯರು ಡುಬ್ಬವೆಂದರೆ ಗೂನು ಎಂದುಕೊಳ್ಳುವುದುಂಟು. ಟೊಂಕವಂತೂ ಪಕ್ಕೆಲುಬಿನ ಕೆಳತುದಿಯಿಂದ ಕುಂಡಿಯವರೆಗೆ ಹರಡಿದೆ. ಮೂತ್ರಪಿಂಡದ ಕಲ್ಲು, ಬೆನ್ನೆಲುಬಿನ ಡಿಸ್ಕ್ ತೊಂದರೆ, ಕೀಲಿನ ಸವೆತ ಮೂರೂ 'ಟೊಂಕ ನೋವು' ಎಂಬ ಒಂದೇ ಮಾತಿನಲ್ಲಿ ಬರುತ್ತವೆ. ಕಲ್ಲಿನ ನೋವು ಹಿಂಬದಿಯಿಂದ ತೊಡೆಸಂದಿಗೆ ಇಳಿಯುತ್ತದೆ, ಡಿಸ್ಕಿನದು ತೊಡೆಯ ಹಿಂಬದಿಯಿಂದ ಹಿಮ್ಮಡದತ್ತ ಸೆಳೆಯುತ್ತದೆ. ಕೇಳಬೇಕಾದ ಪ್ರಶ್ನೆ 'ಎಲ್ಲಿಂದ ಎಲ್ಲಿಗೆ ಸೆಳಿತೈತಿ' ಎಂಬುದು. ಹಾಗೆಯೇ ಕೈ ಎಂದರೆ ನಮಗೆ ಭುಜದಿಂದ ಬೆರಳಿನವರೆಗೆ ಎಲ್ಲ. ಶಾಸ್ತ್ರಕ್ಕೆ ತೋಳು, ಮುಂಗೈ, ಹಸ್ತ ಮೂರು ಬೇರೆ. 2019ರಲ್ಲಿ ಬದಲಾದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗ ಸಿಕ್ಕಿದೆ. ಆ ತರಗತಿಗಳಲ್ಲಿ ಜಿಲ್ಲೆಯ ಮಾತಿನ ದೇಹನಕ್ಷೆಯನ್ನೇ ಕಲಿಸುವುದು ಅಗತ್ಯ.

ಆಡುಗನ್ನಡದ ಮೂರು ಪದಗಳು ನಿಜಕ್ಕೂ ಅಪಾಯ ತರಬಲ್ಲವು. ಮೊದಲನೆಯದು 'ಮೇಲೆ'. 'ಗಾಯದ ಮೇಲೆ ಬಟ್ಟೆ ಕಟ್ಟು' ಎಂದರೆ ಗಾಯವನ್ನು ಮುಚ್ಚಿಯೋ, ಗಾಯದಿಂದ ಮುಂಡದ ಕಡೆಗೋ? ರಕ್ತ ಹರಿಯುವ ಗಾಯವನ್ನು ಸಾಮಾನ್ಯವಾಗಿ ನೇರವಾಗಿ ಒತ್ತಿ ಹಿಡಿಯಬೇಕು. ಅರ್ಥ ತಪ್ಪಾಗಿ ಬೇರೆಡೆ ಬಿಗಿದರೆ ಹೊತ್ತು ಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದಾಗಲಂತೂ ಕಚ್ಚಿದ ಜಾಗದ 'ಮೇಲೆ' ಹಗ್ಗ ಬಿಗಿಯುವುದೇ ತಪ್ಪು. ಕಾಲನ್ನು ಅಲುಗಿಸದೆ ಬೇಗನೆ ಆಸ್ಪತ್ರೆಗೆ ಒಯ್ಯುವುದು ಸರಿಯಾದ ದಾರಿ. ಎರಡನೆಯದು 'ಕೆಳಗೆ'. ಮೊಣಕಾಲ ಕೆಳಗೆ ಎಂದರೆ ಪಾದದ ಕಡೆ, ಚರ್ಮದ ಕೆಳಗೆ ಎಂದರೆ ಆಳದಲ್ಲಿ. ಮೂರನೆಯದು 'ಒಳಗೆ'. ತೊಡೆಯ ಒಳಗೆ ಗಂಟು ಎಂದರೆ ಒಳಬದಿಯಲ್ಲೋ, ಮಾಂಸದೊಳಗೋ?

ವೈದ್ಯಕೀಯ ಪದಗಳನ್ನು ಕನ್ನಡಕ್ಕೆ ತರಲು ಡಾ. ಡಿ.ಎಸ್. ಶಿವಪ್ಪ, ಕಲಬುರಗಿಯ ಡಾ. ಪಿ.ಎಸ್. ಶಂಕರ್ ಮೊದಲಾದವರು ಬಹಳ ದುಡಿದಿದ್ದಾರೆ. ಈ ಕೆಲಸದಲ್ಲಿ ಎರಡು ದಾರಿಗಳಿವೆ. ಒಂದು ಸಂಸ್ಕೃತದ್ದು: ಊರ್ಧ್ವ, ಅಧೋ, ಪಾರ್ಶ್ವ, ಸಮೀಪಸ್ಥ, ದೂರಸ್ಥ. ಇವು ಚಿಕ್ಕವು, ಸಮಾಸಕ್ಕೆ ಒಗ್ಗುತ್ತವೆ, ಪಠ್ಯಕ್ಕೆ ಸರಿ. ಇನ್ನೊಂದು ನಮ್ಮ 'ಅತ್ತ': ತಲೆಯತ್ತ, ಪಾದದತ್ತ, ಬೆನ್ನಿನತ್ತ, ನಡುಗೆರೆಯತ್ತ, ಬುಡದತ್ತ, ತುದಿಯತ್ತ, ಚರ್ಮದತ್ತ. ಸ್ಥಾನಸೂಚಕ ಪದಗಳು ಹೇಳುವುದು ದಿಕ್ಕನ್ನು. 'ಅತ್ತ' ಹೇಳುವುದೂ ದಿಕ್ಕನ್ನೇ. 'ಗಂಟು ಮೊಣಕಾಲಿನಿಂದ ಬುಡದತ್ತ ಮೂರು ಬೆರಳು, ನಡುಗೆರೆಯತ್ತ' ಎಂದು ಬರೆದರೆ ಓದು ಬಲ್ಲ ಯಾರೂ ತಪ್ಪು ತಿಳಿಯಲಾರರು. ಆಶಾ ಕಾರ್ಯಕರ್ತೆಯರ ಕೈಪಿಡಿಗೆ, ಶಾಲೆಯ ಪಾಠಕ್ಕೆ, ಪ್ರಥಮ ಚಿಕಿತ್ಸೆಯ ಪುಸ್ತಕಕ್ಕೆ ಈ ಎರಡನೆಯ ದಾರಿಯೇ ಉತ್ತಮ.

ಬಳಕೆ

ಪ್ರತಿಯೊಂದು ಹಳ್ಳಿಯಲ್ಲೂ ಈ ಪದಗಳು ಕೆಲಸ ಮಾಡುವುದು ಲಸಿಕೆಯ ದಿನ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ ಬಿ.ಸಿ.ಜಿ. ಎಡ ರಟ್ಟೆಗೆ, ದಡಾರ-ರುಬೆಲ್ಲಾ ಬಲ ರಟ್ಟೆಗೆ, ಪೆಂಟಾವೇಲೆಂಟ್ ಎಡತೊಡೆಯ ನಡುಭಾಗದ ಮುಂದಿನ ಹೊರಬದಿಗೆ. ಎಲ್ಲ ಕಡೆ ಒಂದೇ ಜಾಗವಾದರೆ ಯಾವ ಲಸಿಕೆಯಿಂದ ಊತ ಬಂತು ಎಂದು ತಿಳಿಯುತ್ತದೆ. ಎಡ ರಟ್ಟೆಯ ಕಲೆ ನೋಡಿ ಬಿ.ಸಿ.ಜಿ. ಆಗಿದೆ ಎನ್ನಬಹುದು. ತೊಡೆಯ ಮುಂದಿನ ಹೊರಬದಿಯನ್ನೇ ಆರಿಸಿದ್ದಕ್ಕೆ ಕಾರಣ, ಅಲ್ಲಿ ಕೂಸಿಗೂ ದಪ್ಪ ಸ್ನಾಯುವಿದೆ, ದೊಡ್ಡ ನರ ರಕ್ತನಾಳಗಳಿಲ್ಲ. ಕುಂಡಿಯಲ್ಲಾದರೆ ಒಳಬದಿಯ ಕೆಳಭಾಗದಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ. ದೊಡ್ಡವರಿಗೆ ಅಲ್ಲಿ ಇಂಜೆಕ್ಷನ್ ಕೊಡಬೇಕಾದಾಗ ಮೇಲಿನ ಹೊರ ಕಾಲುಭಾಗದಲ್ಲೇ ಚುಚ್ಚುತ್ತಾರೆ. ಅದು ತಪ್ಪಿ ಪಾದ ಸೋತವರಿದ್ದಾರೆ.

ಶಸ್ತ್ರಚಿಕಿತ್ಸೆಯಲ್ಲಿ ಬದಿ ತಪ್ಪುವುದನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಸುರಕ್ಷತಾ ಪಟ್ಟಿ ಹೊರಡಿಸಿತು. ಕತ್ತರಿ ಹಾಕುವ ಮೊದಲು ರೋಗಿ ಯಾರು, ಯಾವ ಶಸ್ತ್ರಚಿಕಿತ್ಸೆ, ಯಾವ ಬದಿ ಎಂದು ತಂಡದವರೆಲ್ಲ ಬಾಯಿಬಿಟ್ಟು ಹೇಳಬೇಕು. ಜಾಗವನ್ನು ಚರ್ಮದ ಮೇಲೆ ಮೊದಲೇ ಗುರುತು ಮಾಡಿರಬೇಕು. ನ್ಯಾಯಾಲಯದಲ್ಲೂ ಇದೇ ಎಚ್ಚರ ಬೇಕು. ಸಂಶಯಾಸ್ಪದ ಸಾವಿನಲ್ಲಿ ಪೊಲೀಸರು ಪಂಚರ ಮುಂದೆ ಕನ್ನಡದಲ್ಲಿ ಪಂಚನಾಮೆ ಬರೆಯುತ್ತಾರೆ, ವೈದ್ಯರು ಮರಣೋತ್ತರ ಪರೀಕ್ಷೆಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. 2024ರ ಜುಲೈ 1ರಿಂದ ಪಂಚನಾಮೆ ನಡೆಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಡಿ. ಪಂಚನಾಮೆಯಲ್ಲಿ 'ಬಲಗಡೆ ಪಕ್ಕೆಗೆ ಗಾಯ' ಎಂದೂ ವರದಿಯಲ್ಲಿ ಎಡ ಎಂದೂ ಬಂದರೆ ವಕೀಲರ ಮೊದಲ ಪ್ರಶ್ನೆ ಅದೇ. ಗಾಯದ ಜಾಗವನ್ನು ಅಲುಗದ ಎಲುಬಿನ ಗುರುತಿನಿಂದ ಸೆಂಟಿಮೀಟರಿನಲ್ಲಿ ಅಳೆದು, ಯಾವ ದಿಕ್ಕಿಗೆ ಎಂದು ಬರೆಯುವುದು ಆದ್ದರಿಂದ ಕಡ್ಡಾಯವೆಂಬಂತೆ ರೂಢಿಯಲ್ಲಿದೆ.

ರೋಗಿಗಳು ಲ್ಯಾಟಿನ್ ಪದ ಕಲಿಯಬೇಕಾಗಿಲ್ಲ. ಆಸ್ಪತ್ರೆಗೆ ಹೋದಾಗ ಇಡೀ ಅಂಗೈ ಆಡಿಸದೆ ಒಂದೇ ಬೆರಳಿನಿಂದ ನೋವಿನ ಜಾಗ ಮುಟ್ಟಿ ತೋರಿಸಿ. ನೋವು ಎಲ್ಲಿ ಶುರುವಾಯಿತು, ಎತ್ತ ಹರಿಯಿತು ಎಂದು ಹೇಳಿ. ನಿಮ್ಮ ಎಡ, ನಿಮ್ಮ ಬಲವನ್ನೇ ಹೇಳಿ, ಮತ್ತು ವೈದ್ಯರು ಕಾಗದದಲ್ಲಿ ಬರೆದ ಬದಿ ಅದೇ ಎಂದು ಹೊರಡುವ ಮೊದಲು ಕೇಳಿ ತಿಳಿದುಕೊಳ್ಳಿ.